ಎರಡು ಟ್ಯೂಬು, ಒಂದು ಪಂಕ್ತಿ

ಜೂನ್ 9, ಸೋಮವಾರ

ಆಸ್ಪತ್ರೆಯವರು ಒಂದು ಹಾಳೆ ಕೊಟ್ಟಿದ್ದಾರೆ. ತುರಿಕೆಗೆ ಹತ್ತರಲ್ಲಿ ಎಷ್ಟು, ನೋವಿಗೆ ಹತ್ತರಲ್ಲಿ ಎಷ್ಟು ಎಂದು ದಿನವೂ ಅದರಲ್ಲಿ ತುಂಬಬೇಕು. ಅಂಕಿಗೆ ಸಣ್ಣ ಚೌಕ ಉಂಟು, ಮಾತಿಗೆ ಜಾಗ ಇಲ್ಲ. ಐವತ್ತೆರಡು ವರ್ಷದ ಮನುಷ್ಯ ‘ತುರಿಕೆ ಏಳು’ ಎಂದು ಬರೆದು ಸುಮ್ಮನಾಗುವುದು ಹೇಗೆ? ಅದಕ್ಕೇ ಬೀಚ್ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಈ ನೋಟ್‌ಪುಸ್ತಕ ತೆಗೆದುಕೊಂಡೆ. ಇದನ್ನು ಯಾರಿಗೂ ತೋರಿಸುವುದಿಲ್ಲ. ಹೆಂಡತಿ ವಿಮಲಾಗೂ ಇಲ್ಲ. ಅವಳು ಹುಡುಕಿ ಓದಿದರೆ ಅದು ಅವಳ ಪಾಡು.

ಆದದ್ದನ್ನು ಮೊದಲು ಬರೆದಿಡುತ್ತೇನೆ. ಪೊಂಗಲ್‌ಗೆ ಮುಂಚಿನ ಶನಿವಾರ. ಸೌಕಾರ್‌ಪೇಟೆಗೆ ಬಟ್ಟೆ ಕೊಳ್ಳಲು ಬಂದವರೆಲ್ಲ ಮಧ್ಯಾಹ್ನ ಒಂದು ಗಂಟೆಗೆ ಪ್ಯಾರೀಸ್ ಕಾರ್ನರ್‌ನ ನಮ್ಮ ಹೋಟೆಲಿಗೇ ನುಗ್ಗಿದ್ದರು. ಸಾಂಬಾರು ಮಾಡುವ ಐತಪ್ಪ ಕುದಿಯುವ ಪಾತ್ರೆ ಹಿಡಿದುಕೊಂಡು ಅಡುಗೆಮನೆಯಿಂದ ಹೊರಟ. ಬಿಸಿ ಹಿಡಿದು ಬಾಗಿಲು ದಾಟುವವನು ‘ಬಿಸಿ, ಬಿಸಿ’ ಎಂದು ಕೂಗಬೇಕು. ನಮ್ಮಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿಕೊಡುವ ಪಾಠ ಅದು. ಐತಪ್ಪ ಕೂಗಲಿಲ್ಲ. ನನ್ನ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸಾಂಬಾರಿನಲ್ಲಿ ಬೆಂದಿತು.

ಗಾಯವೇನೋ ಎರಡು ತಿಂಗಳಲ್ಲಿ ಮಾಗಿತು. ಮಾಗಿದ ಚರ್ಮ ಅಲ್ಲಿಗೆ ನಿಲ್ಲಲಿಲ್ಲ. ಕೆಂಪಗೆ, ದಪ್ಪಗೆ ಏಳುತ್ತಲೇ ಹೋಯಿತು. ಈಗ ಕೈಯ ಒಳಮೈಯಲ್ಲಿ ಹಗ್ಗ ಅಂಟಿಸಿದ ಹಾಗೆ ಉಂಟು. ಮಣಿಕಟ್ಟು ತಿರುಗುವುದಿಲ್ಲ. ಇಪ್ಪತ್ತೆಂಟು ವರ್ಷ ಎಲೆಗೆ ಬಡಿಸಿದ ಕೈ ಇದು. ಸಾರು ಬಡಿಸುವಾಗ ಸೌಟು ಬಗ್ಗಿದರೆ ಸಾಲದು, ಮಣಿಕಟ್ಟು ತಿರುಗಬೇಕು. ಇಲ್ಲದಿದ್ದರೆ ಸಾರು ಅನ್ನದ ಗುಳಿ ಬಿಟ್ಟು ಗಿರಾಕಿಯ ತೊಡೆಗೆ ಹೋಗುತ್ತದೆ. ನಮ್ಮ ಧನಿಗಳು ಮಧ್ವರಾಜರು ನನ್ನನ್ನು ಪಾರ್ಸೆಲ್ ಮೇಜಿಗೆ ಹಾಕಿದ್ದಾರೆ. ಕೈ ಸರಿಯಾದ ದಿನ ಊಟದ ಹಾಲಿಗೆ ಬಡಿಸಲು ಬಾ ಎಂದಿದ್ದಾರೆ. ನನಗೆ ಬೇಕಾದದ್ದು ಅದೊಂದೇ.

ಡಾಕ್ಟರ್ ನಿಖಿತಾ ನಮ್ಮ ಭಾಷೆಯವರೇ. ಅಪ್ಪ ರೈಲ್ವೆಯಲ್ಲಿದ್ದರು, ಮಗಳು ಹುಟ್ಟಿ ಬೆಳೆದದ್ದು ಪೆರಂಬೂರಿನಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾರೆ. ಗಾಯವಾದಾಗ ದುರಸ್ತಿಗೆಂದು ದೇಹ ತನ್ನ ಕಾವಲಿನ ಕಣಗಳನ್ನು ಕಳಿಸುತ್ತದಂತೆ. ಕೆಲಸ ಮುಗಿದ ಮೇಲೆ ಅವು ವಾಪಸು ಹೋಗಬೇಕು. ಕೆಲವರಲ್ಲಿ ಹೋಗುವುದಿಲ್ಲ, ಇನ್ನೂ ಹೊಸೆಯಿರಿ, ಇನ್ನೂ ಹೊಸೆಯಿರಿ ಎಂದು ಚರ್ಮಕ್ಕೆ ಹೇಳುತ್ತಲೇ ಇರುತ್ತವೆ. ಅವುಗಳಿಗೆ ಸಾಕು ಎಂದು ಹೇಳುವ ಮುಲಾಮು ಒಂದು ಉಂಟು, ಹಚ್ಚಿದಲ್ಲಿ ಮಾತ್ರ ಕೆಲಸ ಮಾಡುವಂಥದ್ದು. ಇಂಥ ಕಲೆಗೆ ಅದು ನಿಜವಾಗಿ ನಾಟುತ್ತದೋ ಇಲ್ಲವೋ ಎಂಬುದನ್ನೇ ಈಗ ಅವರು ನೋಡುತ್ತಿರುವುದು. ನನಗೆ ಅರ್ಥವಾಯಿತು. ಮದುವೆ ಮುಗಿದು ನೆಂಟರೆಲ್ಲ ಹೋದ ಮೇಲೂ ಅಡುಗೆಯವರು ಅನ್ನಕ್ಕೆ ಇಡುತ್ತಲೇ ಇದ್ದ ಹಾಗೆ.

ನಲವತ್ತು ಜನರನ್ನು ಆರಿಸಿದ್ದಾರೆ, ಅದರಲ್ಲಿ ನಾನೊಬ್ಬ. ಕಲೆಯ ನಡುವೆ ಪೆನ್ನಿನಿಂದ ಒಂದು ಗೆರೆ ಎಳೆದರು. ಗೆರೆಯ ಮೇಲಕ್ಕೆ, ಮೊಣಕೈ ಕಡೆಗೆ, ಕೆಂಪು ಮುಚ್ಚಳದ ಟ್ಯೂಬು. ಕೆಳಕ್ಕೆ, ಮಣಿಕಟ್ಟಿನ ಕಡೆಗೆ, ನೀಲಿ ಮುಚ್ಚಳದ್ದು. ಒಂದರಲ್ಲಿ ಔಷಧ, ಇನ್ನೊಂದರಲ್ಲಿ ಬರೀ ಜಿಡ್ಡು. ಯಾವುದು ಯಾವುದೆಂದು ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಹನ್ನೆರಡು ವಾರ. ಟ್ಯೂಬು ಬದಲಿಸಬಾರದು, ಬೆರೆಸಬಾರದು. ಹೋದಾಗಲೆಲ್ಲ ಟ್ಯೂಬನ್ನು ತೂಕ ಮಾಡುತ್ತಾರಂತೆ.

ಆಗಲಿ ಎಂದು ಸಹಿ ಹಾಕಿದೆ. ಸಹಿಯೂ ಸೊಟ್ಟವಾಯಿತು.

ಜೂನ್ 12, ಗುರುವಾರ

ತುರಿಕೆ ಮೇಲೆ ಏಳು, ಕೆಳಗೆ ಏಳು. ಇಡೀ ದಿನ ಪಾರ್ಸೆಲ್‌ಗೆ ಚಟ್ನಿ ಕಟ್ಟಿದೆ.

ಜೂನ್ 24, ಮಂಗಳವಾರ

ಪಾರ್ಸೆಲ್ ಮೇಜು ಎಂದರೆ ಹೋಟೆಲಿನ ಒಳಗಿದ್ದೂ ಹೊರಗಿದ್ದ ಹಾಗೆ. ಅಡುಗೆಮನೆಗೆ ಎರಡು ಬಾಗಿಲು. ಎಡಗಡೆಯದರಲ್ಲಿ ಒಳಗೆ ಹೋಗುವುದು, ಬಲಗಡೆಯದರಲ್ಲಿ ಹೊರಗೆ ಬರುವುದು. ನನ್ನ ಮೇಜು ಬಲಗಡೆಯದರ ಎದುರಿಗೇ. ಪಲ್ಯ, ಕೂಟು, ಹಪ್ಪಳ ಎಲ್ಲ ನನ್ನ ಮೂಗಿನ ಕೆಳಗಿಂದ ಹಾಲಿಗೆ ಹೋಗುತ್ತವೆ. ನಾನು ರಬ್ಬರ್ ಬ್ಯಾಂಡ್ ಹಾಕುತ್ತ ಕೂತಿರುತ್ತೇನೆ.

ಈ ಸೆಕೆಯಲ್ಲೂ ತುಂಬುತೋಳಿನ ಅಂಗಿ ಹಾಕುತ್ತಿದ್ದೇನೆ. ಒಬ್ಬ ಗಿರಾಕಿ ಇಡ್ಲಿ ಪೊಟ್ಟಣ ತೆಗೆದುಕೊಳ್ಳುವಾಗ ನನ್ನ ಕೈ ಕಂಡು ತನ್ನ ಕೈ ಹಿಂದಕ್ಕೆ ಎಳೆದುಕೊಂಡಿದ್ದ. ಅಂಟುವ ರೋಗವಲ್ಲ ಮಾರಾಯ ಎಂದು ಹೇಳಬೇಕೆನಿಸಿತು. ಮನೆಗೆ ಬಂದು ವಿಮಲಾಳ ಮೇಲೆ ರೇಗಿದೆ.

ಐತಪ್ಪನನ್ನು ಧನಿಗಳು ಆವತ್ತೇ ಒಲೆಯಿಂದ ಇಳಿಸಿ ತರಕಾರಿ ಹೆಚ್ಚಲು ಹಾಕಿದ್ದಾರೆ. ಆಗಬೇಕಾದದ್ದೇ. ಹನ್ನೊಂದು ವರ್ಷ ಅವನ ಕೈಯ ಸಾಂಬಾರನ್ನು ನಾನು ಬಡಿಸಿದ್ದೇನೆ, ಅದು ಬೇರೆ ಮಾತು. ದಿನವೂ ನಾಲ್ಕು ಗಂಟೆಗೆ ನನ್ನ ಮೇಜಿನ ಮೇಲೆ ಒಂದು ಕಾಫಿ ಇಟ್ಟು ಹೋಗುತ್ತಾನೆ. ನಾನು ಮುಟ್ಟುವುದಿಲ್ಲ. ಕೆಲಸದವರೆಲ್ಲ ಸಾಲಾಗಿ ಕೂತು ಮೂರೂವರೆಗೆ ಉಣ್ಣುತ್ತಾರಲ್ಲ, ಅವನು ಎದ್ದು ಹೋದ ಮೇಲೆಯೇ ನಾನು ಎಲೆ ಹಾಕಿಸಿಕೊಳ್ಳುವುದು.

ಜುಲೈ 7, ಸೋಮವಾರ

ನಾಲ್ಕು ವಾರ ಆಯಿತು, ಆಸ್ಪತ್ರೆಗೆ ಹೋಗಿದ್ದೆ. ಫೋಟೋ ತೆಗೆದರು. ಕಲೆಯನ್ನು ಒತ್ತಿ ನೋಡಿದರು, ದಪ್ಪ ಅಳೆದರು. ಗೆರೆಯ ಮೇಲಿನ ಅರ್ಧ ತಗ್ಗಿದೆ. ಇದಕ್ಕೆ ಡಾಕ್ಟರು ಬೇಕಾಗಿಲ್ಲ, ನನಗೇ ಕಾಣುತ್ತದೆ. ಕೆಂಪು ಇಳಿದಿದೆ, ಒತ್ತಿದರೆ ಮೆತ್ತಗಿದೆ, ತುರಿಕೆ ಮೂರಕ್ಕೆ ಬಂದಿದೆ. ಕೆಳಗಿನ ಅರ್ಧ ಮೊದಲಿನ ಹಾಗೇ. ತುರಿಕೆ ಏಳು. ಮಣಿಕಟ್ಟು ಮರದ ಕೊರಡು.

ಅಂದರೆ ಔಷಧ ಕೆಂಪಿನಲ್ಲಿ. ಮೊಣಕೈ ಹತ್ತಿರ ಮೆತ್ತಗಾಗಿ ನನಗೇನು ಪ್ರಯೋಜನ? ನಾನು ಮೊಣಕೈಯಲ್ಲಿ ಬಡಿಸುತ್ತೇನೆಯೇ? ಗೆರೆ ಹಾಕುವ ದಿನ ಅದಲುಬದಲು ಆಗಿದ್ದರೆ ಏನಾಗುತ್ತಿತ್ತು. ಡಾಕ್ಟರನ್ನು ಕೇಳಿದೆ, ಕೆಂಪನ್ನೇ ಎರಡೂ ಕಡೆ ಹಚ್ಚಬಹುದಾ ಎಂದು. ಕೂಡದು, ಯಾವುದರಲ್ಲಿ ಏನಿದೆ ಎಂದು ನೀವು ಊಹೆ ಮಾಡಲೂ ಕೂಡದು ಎಂದರು. ತಮಿಳಿನಲ್ಲಿ ಹೇಳಿದರೂ ಖಡಾಖಂಡಿತವಾಗಿಯೇ ಇತ್ತು.

ಜುಲೈ 9, ಬುಧವಾರ

ನಾನು ಈ ಕೆಲಸಕ್ಕೆ ಸೇರಿದಾಗ ಹಾಲಿನಲ್ಲಿ ಹಿರಿಯರೊಬ್ಬರು ಇದ್ದರು. ಮೊದಲ ವಾರ ನಾನು ಊರಿನ ಗುರುತಿನವರೊಬ್ಬರ ಎಲೆಗೆ ಎರಡು ಹಪ್ಪಳ ಹಾಕಿ, ಪಕ್ಕದವರಿಗೆ ಒಂದು ಹಾಕಿದೆ. ಅವರು ನನ್ನನ್ನು ಅಡುಗೆಮನೆಗೆ ಕರೆದು ಸೌಟಿನ ಹಿಡಿಯಿಂದ ಬೆರಳ ಗಂಟಿಗೆ ಕೊಟ್ಟರು. ಒಂದೇ ಸಾಲಿನಲ್ಲಿ ಕೂತವರಿಗೆ ಒಬ್ಬರಿಗೊಂದು ಇನ್ನೊಬ್ಬರಿಗೊಂದು ಮಾಡಿದರೆ ಅದು ಪಂಕ್ತಿಭೇದ, ಬಡಿಸುವವನಿಗೆ ಅದಕ್ಕಿಂತ ದೊಡ್ಡ ಪಾಪ ಇಲ್ಲ ಎಂದರು. ಇಪ್ಪತ್ತೆಂಟು ವರ್ಷದಲ್ಲಿ ಮತ್ತೆ ಅದನ್ನು ಮಾಡಿಲ್ಲ. ಮಂತ್ರಿಗಳ ಕಡೆಯವರು ಬಂದಾಗಲೂ ಮಾಡಿಲ್ಲ.

ಈಗ ದಿನಕ್ಕೆ ಎರಡು ಸಲ ನನ್ನ ಕೈಗೇ ಮಾಡುತ್ತಿದ್ದೇನೆ. ಗೆರೆಯ ಆಚೆಯವರಿಗೆ ಪಾಯಸ, ಈಚೆಯವರಿಗೆ ತಿಳಿನೀರು. ಬೆಳಿಗ್ಗೆ ನೀಲಿ ಮುಚ್ಚಳ ತೆಗೆಯುವಾಗ ನಾಚಿಕೆಯಾಗುತ್ತದೆ. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ.

ಜುಲೈ 10, ಗುರುವಾರ

ಹಚ್ಚಿದೆ. ಕೆಂಪನ್ನು ಎರಡೂ ಕಡೆಗೆ.

ಜುಲೈ 16, ಬುಧವಾರ

ತೂಕದ್ದೊಂದು ತಲೆಬಿಸಿ ಇತ್ತು. ಕೆಂಪು ಬೇಗ ಮುಗಿದರೆ ಸಿಕ್ಕಿಬೀಳುತ್ತೇನೆ. ಅದಕ್ಕೆ ಒಂದು ಪಾಲನ್ನೇ ತೆಳ್ಳಗೆ ಎರಡು ಮಾಡಿ ಹಚ್ಚುತ್ತಿದ್ದೇನೆ. ವಡೆ ಕಡಿಮೆ ಬಿದ್ದ ದಿನ ಒಂದನ್ನು ಮುರಿದು ಎರಡು ಎಲೆಗೆ ಹಾಕುವುದು ನಮಗೆ ಹೊಸದೇನಲ್ಲ. ನೀಲಿಯನ್ನು ಅಷ್ಟೇ ಹಿಂಡಿ ಹೋಟೆಲಿನ ಕಸದ ಡಬ್ಬಿಗೆ ಹಾಕುತ್ತೇನೆ.

ಇವತ್ತು ಮಧ್ಯಾಹ್ನ ಹಿಂಡುವಾಗ ಹಿಂದೆ ಐತಪ್ಪ ನಿಂತಿದ್ದ, ಕೈಯಲ್ಲಿ ಬೂದುಗುಂಬಳದ ಸಿಪ್ಪೆ. ನೋಡಿದ. ಸಿಪ್ಪೆಯನ್ನು ಅದರ ಮೇಲೆ ಸುರಿದು ಹೋದ.

ಕೈಯ ಮೇಲಿನ ಗೆರೆ ಬೆವರಿಗೆ ಅಳಿಸಿಹೋಗುತ್ತದೆ. ಎಡಗೈಯಲ್ಲಿ ಎಳೆದರೆ ಹಾವಿನ ಹಾಗೆ ಆಗುತ್ತದೆ. ಐತಪ್ಪ ಎಳೆದುಕೊಟ್ಟ. ಆಗ ಬೇರೆ ಯಾರೂ ಹತ್ತಿರ ಇರಲಿಲ್ಲ, ಅದಕ್ಕೆ.

ಜುಲೈ 27, ಭಾನುವಾರ

ತುರಿಕೆ ಮೇಲೆ ಎರಡು, ಕೆಳಗೆ ಮೂರು. ಹಾಳೆಯಲ್ಲಿಯೂ ಹಾಗೆಯೇ ಬರೆದೆ, ಅದು ಸುಳ್ಳಲ್ಲವಲ್ಲ.

ಬೆಳಿಗ್ಗೆ ಮನೆಯಲ್ಲಿ ಮೊಸರು ಬಡಿಸುವಾಗ ಮಣಿಕಟ್ಟು ತಿರುಗಿತು. ಅರ್ಧ ತಿರುಗಿತು, ಆದರೂ ತಿರುಗಿತು. ವಿಮಲಾ ನೋಡಿದಳು. ಕಣ್ಣಲ್ಲಿ ನೀರು ಬಂತು ಅವಳಿಗೆ. ನನಗೂ ಬಂತು, ಮೆಣಸಿನಕಾಯಿ ಎಂದೆ. ಸಂಜೆ ಮನೆ ಹತ್ತಿರದ ವೇಲಚೇರಿ ಸ್ಟೇಷನ್‌ವರೆಗೆ ಇಬ್ಬರೂ ನಡೆದು ಹೋಗಿ ಬಂದೆವು, ನಾನು ಅರ್ಧ ತೋಳಿನ ಅಂಗಿಯಲ್ಲಿ.

ನಿನ್ನೆ ಐತಪ್ಪ ಇಟ್ಟ ಕಾಫಿ ಕುಡಿದೆ. ಸಕ್ಕರೆ ಜಾಸ್ತಿ ಹಾಕುತ್ತಾನೆ ಪುಣ್ಯಾತ್ಮ.

ಆಗಸ್ಟ್ 4, ಸೋಮವಾರ

ಎಂಟು ವಾರ. ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಹೂವು ಕಟ್ಟುವ ಹೆಂಗಸು ಕೂತಿದ್ದಳು. ಹೆಸರು ಲೀಲಮ್ಮ, ಹೊಸೂರಿನ ಕಡೆಯವಳು, ಕನ್ನಡ ಮಾತಾಡುತ್ತಾಳೆ. ಎದೆಯ ಮೇಲೆ ಒಂದು ಸಣ್ಣ ಗುಳ್ಳೆ ಒಡೆದದ್ದು ಈಗ ಅಂಗೈ ಅಗಲದ ಗಡ್ಡೆ ಆಗಿದೆಯಂತೆ. ಸೀರೆಯ ಸೆರಗು ತಾಗಿದರೂ ಉರಿ. ಹೆಸರು ಕೊಡಲು ಬರುವಷ್ಟರಲ್ಲಿ ನಲವತ್ತು ಜನ ತುಂಬಿಬಿಟ್ಟಿದ್ದರು. ಈ ನಲವತ್ತು ಜನರಲ್ಲಿ ಒಳ್ಳೆಯದಾದರೆ ಮುಂದಿನ ಸಲ ನೋಡೋಣ ಎಂದಿದ್ದಾರಂತೆ. ‘ನಿಮಗೆ ಹೆಂಗೈತಣ್ಣ?’ ಎಂದು ಕೇಳಿದಳು. ಪರವಾಗಿಲ್ಲ ಎಂದೆ. ಕೈ ತೋರಿಸಿದೆ. ಬಹಳ ಹೊತ್ತು ನೋಡಿದಳು.

ಒಳಗೆ ಡಾಕ್ಟರು ಎರಡೂ ಅರ್ಧಗಳನ್ನು ಅಳೆದು, ಮತ್ತೊಮ್ಮೆ ಅಳೆದು, ಹಳೆಯ ಫೋಟೋ ತೆರೆದು ನೋಡಿದರು. ಟ್ಯೂಬಿನ ತೂಕ ಸರಿಯಾಗಿಯೇ ಇತ್ತು. ಹೋದ ತಿಂಗಳು ವ್ಯತ್ಯಾಸ ಕಂಡಿತ್ತು, ಈಗ ಎರಡೂ ಒಂದೇ ಆಗಿವೆ. ಹಾಗಾದರೆ ಇದು ಮುಲಾಮಿನಿಂದ ಆದದ್ದಲ್ಲ, ಕಾಲ ಕಳೆದ ಹಾಗೆ ತಾನಾಗಿ ಇಳಿದಿರಬೇಕು ಎಂದು ಹೇಳಿ ಕಂಪ್ಯೂಟರಿನಲ್ಲಿ ಬರೆದುಕೊಂಡರು. ಮುಖ ಸಪ್ಪೆಯಾಗಿತ್ತು. ಆದರೂ ನಿಮಗೆ ಒಳ್ಳೆಯದಾಯಿತಲ್ಲ ಎಂದರು.

ಹೊರಗೆ ಬಂದಾಗ ಲೀಲಮ್ಮ ಇನ್ನೂ ಕೂತಿದ್ದಳು. ಇನ್ನೊಂದು ಕಡೆಯ ಮೆಟ್ಟಿಲಿಂದ ಇಳಿದು ಬಂದೆ.

ಆಗಸ್ಟ್ 8, ಶುಕ್ರವಾರ

ಧನಿಗಳು ಕೈ ನೋಡಿದರು. ನೀರು ತುಂಬಿದ ಬಟ್ಟಲು ಕೊಟ್ಟು, ಸೌಟಿನಲ್ಲಿ ಇನ್ನೊಂದಕ್ಕೆ ಹಾಕು ಎಂದರು. ಹಾಕಿದೆ. ಎರಡು ಹನಿ ಚೆಲ್ಲಿತು. ಚೌತಿಯ ದಿನದಿಂದ ಹಾಲಿಗೆ ಬಾ ಎಂದರು. ಇನ್ನು ಹತ್ತೊಂಬತ್ತು ದಿನ. ಟ್ಯೂಬು ಹಚ್ಚುತ್ತಾ ಹೋದರೆ ಅಷ್ಟರಲ್ಲಿ ಪೂರ್ತಿ ತಿರುಗುತ್ತದೆ.

ಸಂತೋಷವಾಗಬೇಕಿತ್ತು. ಆಗಿದೆ ಎಂದೇ ಬರೆಯುತ್ತೇನೆ.

ಆಗಸ್ಟ್ 17, ಭಾನುವಾರ

ವಿಮಲಾ ಹುಡುಕಿ ಓದಿದ್ದಾಳೆ. ಮೊದಲ ಪುಟದಲ್ಲಿ ‘ಅದು ಅವಳ ಪಾಡು’ ಎಂದು ಬರೆದಿದ್ದೇನಲ್ಲ, ಅದನ್ನೇ ತೋರಿಸಿ, ನೋಡಿ ಪಾಡು ಪಟ್ಟದ್ದಾಯಿತು ಎಂದಳು. ಜಗಳ ಮಾಡಲು ಬಾಯಿ ತೆಗೆದೆ. ಅವಳು ಬೀನ್ಸ್ ಮುರಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು:

“ಪಂಕ್ತಿಭೇದ ಮಾಡ್ಲಿಕ್ಕಾಗ್ಲಿಲ್ಲ ಅಂತ ಬರ್ದಿದ್ದೀರಿ. ಅಲ್ಲಿ ಬಡಿಸುವವರು ನೀವಲ್ಲ ಅಲ್ವಾ. ಬಡಿಸುವವರು ಡಾಕ್ಟರು. ನೀವು ಎಲೆ ಮುಂದೆ ಕೂತವರು. ಸಾಲಲ್ಲಿ ಇನ್ನೂ ಎಷ್ಟು ಜನ ಉಂಟು ಅಂತ ನಿಮ್ಗೆ ಗೊತ್ತಾ?”

ಡಾಕ್ಟರಿಗೆ ಹೇಳಿ ನನ್ನ ಕೆಲಸ ಹೋದರೆ ನಿನಗೆ ಅಡ್ಡಿ ಇಲ್ಲವಾ ಎಂದು ಕೇಳಿದೆ. ಕೆಲಸ ಎಲ್ಲಿ ಹೋಗಿದೆ, ಚಟ್ನಿ ಕಟ್ಟುತ್ತಿದ್ದೀರಲ್ಲ ಎಂದಳು. ಬೀನ್ಸ್ ಮುಗಿಯುವಾಗ ಇನ್ನೊಂದು ಮಾತು ಹೇಳಿದಳು.

“ಎಲ್ಲ ಓದಿದೆ. ಆ ದಿನ ನೀವು ಯಾವ ಬಾಗಿಲಲ್ಲಿ ಒಳಗೆ ಹೋದದ್ದು ಅಂತ ಎಲ್ಲಿಯೂ ಬರ್ದಿಲ್ಲ.”

ಅಂಗಿ ಹಾಕಿಕೊಂಡು ಪೇಟೆಗೆ ಹೋಗಿ, ಏನೂ ತೆಗೆದುಕೊಳ್ಳದೆ ಬಂದೆ.

ಆಗಸ್ಟ್ 18, ಸೋಮವಾರ

ಇವತ್ತು ಹೋಗುವ ದಿನವಲ್ಲ, ಆದರೂ ಹೋದೆ. ರಜೆ ಹಾಕಿದೆ. ಡಾಕ್ಟರು ಸಿಗಲು ಹನ್ನೆರಡೂವರೆ ಆಯಿತು. ಎರಡು ಟ್ಯೂಬನ್ನೂ ಮೇಜಿನ ಮೇಲಿಟ್ಟು ಹೇಳಿದೆ. ಹಪ್ಪಳದಿಂದ ಶುರುಮಾಡಿದೆ, ಕಸದ ಡಬ್ಬಿಯವರೆಗೆ ಹೇಳಿದೆ. ನಡುವೆ ಅವರು ಒಂದು ಸಲ ನಕ್ಕರು, ಆಮೇಲೆ ನಗಲಿಲ್ಲ.

ನಿಮ್ಮನ್ನು ಇಲ್ಲಿಗೆ ನಿಲ್ಲಿಸಬೇಕಾಗುತ್ತದೆ ಎಂದರು. ಟ್ಯೂಬು ವಾಪಸು. ಮೊದಲ ತಿಂಗಳ ಲೆಕ್ಕ ಇಟ್ಟುಕೊಳ್ಳುತ್ತಾರಂತೆ, ಆಮೇಲಿನದಕ್ಕೆ ನಡೆದದ್ದು ನಡೆದ ಹಾಗೆ ಬರೆಯುತ್ತಾರಂತೆ. ಕೆಂಪಿನಲ್ಲಿ ಔಷಧ ಇತ್ತಾ ಎಂದು ಕೇಳಿದೆ. ಎಲ್ಲರದೂ ಮುಗಿದ ಮೇಲೆ ಚೀಟಿ ತೆರೆಯುವುದು, ಅಲ್ಲಿಯವರೆಗೆ ತನಗೂ ಗೊತ್ತಿಲ್ಲ ಎಂದರು. ಕಲೆ ಮತ್ತೆ ಏಳುತ್ತದಾ? ಏಳಲೂಬಹುದು, ಏಳದೆಯೂ ಇರಬಹುದು. ಕಲೆಯ ಮೇಲೆ ಅಂಟಿಸಲು ಸಿಲಿಕೋನ್ ಹಾಳೆ ಬರೆದುಕೊಟ್ಟರು, ಮಣಿಕಟ್ಟಿಗೆ ವ್ಯಾಯಾಮ ತೋರಿಸಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಎದ್ದು ಬಾಗಿಲ ಹತ್ತಿರ ಬಂದಾಗ ಕರೆದರು. ಮೊದಲ ಸಲ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿ ಹೇಳಿದರು.

“ನೀವು ಬಂದು ಹೇಳಿಲ್ಲ ಅಂದ್ರೆ, ಈ ಔಷಧಿ ಕೆಲ್ಸ ಮಾಡಲ್ಲ ಅಂತ ನಾನೇ ಬರೀತಿದ್ದೆ, ಸಾರ್.”

ವೇಲಚೇರಿವರೆಗೆ ರೈಲಿನಲ್ಲಿ ಕೂತು ಮಣಿಕಟ್ಟು ತಿರುಗಿಸುತ್ತಲೇ ಇದ್ದೆ. ಎದುರಿಗೆ ಕೂತವನು ಹೆದರಿ ಬೇರೆ ಸೀಟಿಗೆ ಹೋದ.

ಬಾಯಿ ತೆರೆದದ್ದಾಯಿತು, ಇದನ್ನೂ ಬರೆದುಬಿಡುತ್ತೇನೆ. ಪೊಂಗಲ್‌ಗೆ ಮುಂಚಿನ ಆ ಶನಿವಾರ ಎಡಗಡೆಯ ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಎಂಟನೇ ಮೇಜಿನವರು ಸಾರಿಗೆ ಕೂಗುತ್ತಿದ್ದರು. ಕಾಯುವ ತಾಳ್ಮೆ ನನಗಿರಲಿಲ್ಲ. ಬಲಗಡೆಯ ಬಾಗಿಲು ತಳ್ಳಿ ಒಳಗೆ ನುಗ್ಗಿದೆ. ಅಲ್ಲಿಂದ ಒಳಗೆ ಯಾರೂ ಬರಬಾರದು. ಬರಬಾರದ ಕಡೆಯಿಂದ ಬಂದವನಿಗೆ ಐತಪ್ಪ ಎಷ್ಟು ಕೂಗಿದ್ದರೂ ಏನು ಬಂತು. ಧನಿಗಳು ಆಸ್ಪತ್ರೆಯಲ್ಲಿ ಕೇಳಿದಾಗ ನಾನು ಹೇಳಿದ್ದು ಒಂದೇ ಮಾತು, ಅವನು ಕೂಗಲಿಲ್ಲ ಎಂದು. ಅದು ಸುಳ್ಳಲ್ಲ. ಏಳು ತಿಂಗಳಿಂದ ಅದು ಸುಳ್ಳಲ್ಲ ಎಂದೇ ಹೇಳಿಕೊಂಡು ಬಂದಿದ್ದೇನೆ.

ಆಗಸ್ಟ್ 19, ಮಂಗಳವಾರ

ಧನಿಗಳಿಗೆ ಹೇಳಿದೆ. ಬಹಳ ಹೊತ್ತು ಕನ್ನಡಕ ಒರೆಸಿದರು. ಚೌತಿಯ ದಿನದಿಂದ ಐತಪ್ಪ ಒಲೆಗೆ ಬರಲಿ ಎಂದರು. ನನ್ನ ಬಗ್ಗೆ ಏನೂ ಹೇಳಲಿಲ್ಲ. ಯಾಕೆ ಎಂದು ಅವನಿಗೆ ನೀನೇ ಹೇಳಬೇಕು, ನಾನು ಹೇಳುವುದಿಲ್ಲ ಎಂದರು.

ಆಗಸ್ಟ್ 23, ಶನಿವಾರ

ಐತಪ್ಪನಿಗೆ ಇನ್ನೂ ಹೇಳಲಾಗಲಿಲ್ಲ. ನಾಲ್ಕು ಗಂಟೆಗೆ ಕಾಫಿ ತಂದ, ಕುಡಿದೆ.

ಕೆಳಗಿನ ಅರ್ಧ ಸ್ವಲ್ಪ ಬಿಗಿದ ಹಾಗೆ ಅನಿಸುತ್ತದೆ. ನನ್ನ ಭ್ರಮೆ ಎನ್ನುತ್ತಾಳೆ ವಿಮಲಾ. ಸಿಲಿಕೋನ್ ಹಾಳೆ ಅಂಟಿಸಿ, ಬೆಳಿಗ್ಗೆ ಸಂಜೆ ಖಾಲಿ ಸೌಟು ತಿರುಗಿಸುತ್ತೇನೆ.

ಆಗಸ್ಟ್ 27, ಬುಧವಾರ, ಚೌತಿ

ಹಾಲಿಗೆ ಹೋದೆ, ಅರ್ಧ ತೋಳಿನ ಅಂಗಿಯಲ್ಲಿ. ಕೋಸಂಬರಿ, ಪಲ್ಯ, ಕಡುಬು, ಅನ್ನ ಎಲ್ಲ ಬಡಿಸಿದೆ. ಸಾರಿನ ಬಕೆಟನ್ನು ಬೇರೆಯವರಿಗೆ ಬಿಟ್ಟುಕೊಟ್ಟೆ. ಮಣಿಕಟ್ಟು ಮುಕ್ಕಾಲು ತಿರುಗುತ್ತದೆ, ಗಿರಾಕಿಯ ತೊಡೆಯ ಮೇಲೆ ಪರೀಕ್ಷೆ ಮಾಡುವ ದಿನ ಇವತ್ತಲ್ಲ. ಒಬ್ಬ ಸಣ್ಣ ಹುಡುಗಿ ನನ್ನ ಕೈ ನೋಡಿ, ಅಂಕಲ್, ನೋಯುತ್ತದಾ ಎಂದು ತಮಿಳಿನಲ್ಲಿ ಕೇಳಿದಳು. ಈಗಿಲ್ಲಮ್ಮಾ ಎಂದೆ. ಸಾಂಬಾರಿಗೆ ಹಳೆಯ ರುಚಿ ಬಂದಿದೆ ಎಂದು ಇಬ್ಬರು ಮೂವರು ಹೇಳಿದರು.

ಮೂರೂವರೆಗೆ ಕೆಲಸದವರ ಊಟ. ಸಾಲಾಗಿ ಹದಿನಾಲ್ಕು ಎಲೆ. ಇಲ್ಲಿ ಚೆಲ್ಲಿದರೆ ನಮ್ಮವರ ಮೇಲೇ ಎಂದು ಸಾರಿನ ಬಕೆಟ್ ಹಿಡಿದೆ. ಕೊನೆಯ ಎಲೆ ಐತಪ್ಪನದು. ಅನ್ನದಲ್ಲಿ ಗುಳಿ ಮಾಡಿಕೊಂಡು ಕಾಯುತ್ತಿದ್ದ. ನಾನು ಸೌಟು ಹಿಡಿದು ನಿಂತೇ ಇದ್ದೆ.

“ಐತಪ್ಪ, ಆ ದಿನ ನಾನು ಬರಬಾರದ ಬಾಗಿಲಿಂದ ಬಂದದ್ದು.”

“ನಂಗೆ ಗೊತ್ತುಂಟು ಮೂರ್ತಣ್ಣ. ಬಾಗಿಲಿನ ಈಚೆ ನಾನೇ ಇದ್ದದ್ದಲ್ವಾ.”

ಮತ್ತೆ ಯಾಕೆ ಧನಿಗಳಿಗೆ ಹೇಳಲಿಲ್ಲ ಎಂದು ಕೇಳಿದೆ. ಅವನು ತಲೆ ಎತ್ತಲಿಲ್ಲ.

“ನಿಮ್ಮ ಕೈ ಬೆಂದಿತ್ತು. ಆಗ ಹೇಳುವ ಮಾತಾ ಅದು? ಸಾರು ಹಾಕಿ, ಅನ್ನ ಆರ್ತದೆ.”

ಸೌಟು ತಿರುಗಿಸಿದೆ. ಮುಕ್ಕಾಲು ಪಾಲು ಗುಳಿಗೆ ಬಿತ್ತು. ಉಳಿದದ್ದು ಎಲೆಯ ಅಂಚಿಗೆ ಹರಿಯಿತು. ಐತಪ್ಪ ಅದನ್ನು ಅನ್ನದಿಂದ ತಡೆದು ತನ್ನ ಕಡೆಗೆ ಎಳೆದುಕೊಂಡ.